ಕಲ್ಲಿನಂಥ ಪೆಡಲು

ಆ ಮುದುಕಿಯ ಹಾಲಿನಲ್ಲಿ ನೀರಿತ್ತು. ಚೆಬೊಯಿ ಕ್ಯಾನಿನೊಳಗೆ ಬಿಟ್ಟ ಗಾಜಿನ ಕಡ್ಡಿ ನಿಲ್ಲಬೇಕಾದ ಗೆರೆಯಲ್ಲಿ ನಿಲ್ಲದೆ ಸುಮ್ಮನೆ ಕೆಳಗಿಳಿದುಬಿಟ್ಟಿತು. ಬೇರೆ ದಿನವಾಗಿದ್ದರೆ ಸಾಲಿನಲ್ಲಿ ನಿಂತ ಅಷ್ಟೂ ಜನರಿಗೆ ಕೇಳುವಂತೆ, "ಏನಜ್ಜಿ, ನಿನ್ನ ಹಸು ಹೊಳೇಲಿ ನಿಂತ್ಕೊಂಡು ಹಾಲು ಕೊಡ್ತದಾ?" ಎಂದು ಕೂಗಿ ಕ್ಯಾನನ್ನು ಆಚೆಗೆ ನೂಕುತ್ತಿದ್ದ. ಹನ್ನೊಂದು ವರ್ಷ ಈ ಹಾಲಿನ ಕೇಂದ್ರದ ಕಟ್ಟೆಯ ಮೇಲೆ ನಿಂತು ಹಾಗೆ ಕೂಗಿ ಕೂಗಿಯೇ ಅವನಿಗೊಂದು ಹೆಸರು ಬಂದಿತ್ತು. ಚೆಬೊಯಿಯ ಕಣ್ಣಿಗೆ ಒಂದು ತೊಟ್ಟು ನೀರೂ ತಪ್ಪುವುದಿಲ್ಲ ಎಂದು ಇಟೆನ್ ಪೇಟೆಯ ಸುತ್ತಲಿನವರೆಲ್ಲ ಹೇಳುತ್ತಿದ್ದರು. ಚರ್ಚಿನಲ್ಲಿ ಮುಂದಿನ ಬೆಂಚು ಅವನಿಗೆ ಸಿಕ್ಕಿದ್ದೂ ಆ ಮಾತಿನಿಂದಲೇ. ಇವತ್ತು ನಾಲಗೆ ಏಳಲಿಲ್ಲ. ಮುದುಕಿ ಬೈಗುಳಕ್ಕೆ ತಯಾರಾಗಿ ತಲೆವಸ್ತ್ರವನ್ನು ಕಿವಿಯ ಮೇಲೆ ಎಳೆದುಕೊಂಡು ನಿಂತಿದ್ದಳು. ಅದು ಬಾರದೇ ಹೋದಾಗ ಅವಳಿಗೇ ಗಾಬರಿಯಾಯಿತು. "ಏನು ಸಾಹೇಬ್ರೇ, ಇವತ್ತು ಬೈಯೋದಿಲ್ವಾ?" ಎಂದಳು. "ಸುರಿ ಅಜ್ಜಿ" ಎಂದ. ಹಿಂದಿನಿಂದ ಯಾರೋ, "ನಾಳೆಯಿಂದ ನಾವೂ ಹೊಳೆಗೆ ಹೋಗಿ ಬರಬಹುದು ಅಂತಾಯ್ತು" ಎಂದರು. ಸಾಲು ನಕ್ಕಿತು. ಆ ನಗು ಚೆಬೊಯಿಯ ಕತ್ತಿನ ಹಿಂದೆ ನೊಣದ ಹಾಗೆ ಕೂತುಕೊಂಡಿತು. ಕೈ ಬೀಸಿದರೂ ಏಳಲಿಲ್ಲ.

ನಾಳೆ ಘಾಟಿ ಇಳಿಯಬೇಕು. ಕೆಳಗೆ ಕೆರಿಯೊ ಕಣಿವೆಯಲ್ಲಿ ಜೆಪ್ಟೊ ಎಂಬ ಹುಡುಗಿಯ ಮನೆ ಇದೆ. ತಮ್ಮ ಲಗತ್‌ಗೆ ಆ ಹುಡುಗಿಯನ್ನು ಕೇಳಲು ಹಿರಿಯರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕು. ಸೋರೆಬುರುಡೆಗಳಲ್ಲಿ ಮುರ್ಸಿಕ್ ಹಾಲು ಹುಳಿಯಾಗುತ್ತಿದೆ, ಹೆಂಡತಿ ಮೂರು ದಿನದಿಂದ ಮನೆ ಸಾರಿಸುತ್ತಿದ್ದಾಳೆ. ಎಲ್ಲ ಸರಿಯಾಗಿಯೇ ಇತ್ತು, ಹುಡುಗಿಯ ಅಪ್ಪ ಹೇಳಿಕಳಿಸಿದ ಆ ಒಂದು ಮಾತು ಬಿಟ್ಟರೆ: 'ಕುಡಿದು ಗಾಡಿ ಓಡಿಸಿ ಹೆತ್ತ ತಾಯಿಯನ್ನೇ ದಿಬ್ಬಕ್ಕೆ ಗುದ್ದಿಸಿದವನಿಗೆ ಮಗಳನ್ನು ಹೇಗೆ ಕೊಡೋದು? ಅವತ್ತು ಆ ತಿರುವಿನಲ್ಲಿ ಏನಾಯಿತು ಅಂತ ಅಣ್ಣನಾದವನು ಬಂದು ತನ್ನ ಬಾಯಲ್ಲಿ ಹೇಳಲಿ. ಅವನು ಅಳತೆ ತಪ್ಪದ ಮನುಷ್ಯನಂತೆ. ಅವನ ಮಾತು ನಂಬ್ತೀವಿ.' ಚೆಬೊಯಿ ಒಂದು ವಾಕ್ಯವನ್ನು ತಯಾರು ಮಾಡಿಟ್ಟುಕೊಂಡಿದ್ದ. ಹುಡುಗ ತಪ್ಪು ಮಾಡಿದ್ದು ಹೌದು, ಈಗ ಕುಡಿಯೋದು ಬಿಟ್ಟಿದ್ದಾನೆ, ನಾನು ಹೊಣೆ. ದೊಡ್ಡ ಮನಸ್ಸಿನ ವಾಕ್ಯ. ಹಲ್ಲುಜ್ಜುವಾಗ, ಹಾಲು ಅಳೆಯುವಾಗ, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಅದನ್ನೇ ಹೇಳಿ ನೋಡಿದ್ದ. ಪ್ರತಿ ಸಲವೂ 'ನಾನು ಹೊಣೆ' ಎಂಬಲ್ಲಿಗೆ ಬಂದಾಗ ಬಾಯಲ್ಲಿ ಸೋಪಿನ ರುಚಿ ಬರುತ್ತಿತ್ತು.

ಕೇಂದ್ರ ಮುಚ್ಚಿ ಗಾಡಿಯ ಬಿಡಿಭಾಗಗಳ ಅಂಗಡಿಗೆ ಬಂದ. ಅಂಗಡಿಯ ನ್ಯಾಗುಥಿ ಗಂಡ ಸತ್ತ ಮೇಲೆ ತಾನೇ ಗಲ್ಲೆಯಲ್ಲಿ ಕೂತವಳು. ಇಟೆನ್ನಿನ ಅರ್ಧ ಗಾಡಿಗಳ ರೋಗ ಅವಳಿಗೆ ಬಾಯಿಪಾಠ. ಬ್ರೇಕ್ ಆಯಿಲ್ ಬೇಕು ಎಂದ. ಎಂದವನೇ ಅಗ್ಗದ್ದು ಹುಡುಕುವ ಅಭ್ಯಾಸಬಲದಿಂದ ಶೆಲ್ಫಿನ ಅಂಚಿನಲ್ಲಿದ್ದ, ಬಾಯಿ ತೆರೆದು ಅರ್ಧ ಖಾಲಿಯಾದ ಬಾಟಲಿಗೆ ಕೈ ಹಾಕಿದ. ಅವಳು ಅದನ್ನು ಕಿತ್ತುಕೊಂಡಳು.

"ಅದು ಮುಚ್ಚಳ ತೆಗೆದು ಎರಡು ತಿಂಗಳಾಯ್ತು. ಇದು ಗಾಳೀಲಿರೋ ನೀರನ್ನೇ ಕುಡಿಯೋ ಜಾತಿ ಸಾಹೇಬ್ರೇ, ಬಾಯಿ ತೆರೆದಿಟ್ರೆ ಕುಡುಕನ ಹಾಗೆ ಕುಡೀತಾನೇ ಇರ್ತದೆ. ಮೊಹರು ಇರೋದು ತಗೊಳ್ಳಿ. ಮೂರನೇ ನಂಬರಿಂದು ಕೊಡಲಾ, ನಾಲ್ಕನೇದು ಕೊಡಲಾ?"

"ಏನು ವ್ಯತ್ಯಾಸ?"

"ಕುದಿಯೋದ್ರಲ್ಲಿ ವ್ಯತ್ಯಾಸ. ಪೇಟೆ ಸುತ್ತೋಕೆ ಮೂರು ಸಾಕು. ಘಾಟಿ ಇಳಿಯೋರಿಗೆ ನಾಲ್ಕು. ಎಷ್ಟು ತುಳಿದ್ರೂ ಬೇಗ ಕುದಿಯೋದಿಲ್ಲ."

"ಹಳೇದರ ಮೇಲೇ ಇದನ್ನ ಸುರಿದ್ರೆ ಆಗೋದಿಲ್ವಾ?"

ಅವಳು ಕನ್ನಡಕದ ಮೇಲಿನಿಂದ ನೋಡಿದಳು. "ಕೆಟ್ಟ ಹಾಲಿನ ಮೇಲೆ ಹೊಸ ಹಾಲು ಸುರೀತೀರಾ ನೀವು? ಪೂರ್ತಿ ಇಳಿಸಬೇಕು. ನಾಲ್ಕೂ ಚಕ್ರದಿಂದ. ಯಾವ ಗಾಡಿ, ನಿಮ್ಮಪ್ಪನ ಕಾಲದ ಆ ಪ್ಯೂಜೊನಾ? ತಮ್ಮ ಗುದ್ದಿಸಿದ್ದು? ಅದರ ಬ್ರೇಕ್ ಸರಿಯಿದೆ ಅಂತ ನೀವೇ ಎಲ್ಲರ ಮುಂದೆ ತುಳಿದು ತೋರಿಸಿದ್ರಂತಲ್ಲ."

"ತೋರಿಸಿದ್ದೆ."

"ಮತ್ತೀಗ್ಯಾಕೆ ಬದಲಾಯಿಸೋದು?"

"ಹಳೇದಾಯ್ತು."

"ಬದಲಾಯಿಸಿ, ಬದಲಾಯಿಸಿ. ಹಣ ಉಳೀತದೆ ಅಂತ ಸೋಪಿನ ನೀರು ಹಾಕ್ಕೊಂಡು ಓಡಿಸೋರೂ ಇದ್ದಾರೆ ಇಲ್ಲಿ. ಅಂಥೋರು ಬಂದ್ರೆ ನಾನು ಎದುರಂಗಡಿ ತೋರಿಸ್ತೀನಿ." ಎದುರಂಗಡಿಯಲ್ಲಿ ಬಡಗಿ ಒಂದು ಶವಪೆಟ್ಟಿಗೆಗೆ ಹೊಳಪು ಹಚ್ಚುತ್ತಿದ್ದ. ನ್ಯಾಗುಥಿ ತನ್ನ ಮಾತಿಗೆ ತಾನೇ ನಕ್ಕಳು. ಚೆಬೊಯಿಯೂ ನಕ್ಕ. ನಗಬಾರದಿತ್ತು. ನಕ್ಕದ್ದು ಹೆಚ್ಚಾಯಿತು ಅನ್ನಿಸಿ ಬಾಯಿ ಮುಚ್ಚಿದ, ಮುಚ್ಚಿದ್ದು ಅವಳಿಗೆ ಕಂಡಿರಬಹುದು ಅನ್ನಿಸಿ ಮತ್ತೆ ಹಲ್ಲು ಬಿಟ್ಟ. ನಾಲ್ಕನೇ ನಂಬರಿನ ಎರಡು ಬಾಟಲಿ, ಒಂದು ತೋಳಿನುದ್ದದ ತೆಳು ಕೊಳವೆ ಕಟ್ಟಿಸಿಕೊಂಡು ಓಡಿದ ಹಾಗೆ ಹೊರಬಿದ್ದ.

ಹೋದ ಅಕ್ಟೋಬರಿನಲ್ಲಿ ಕಣಿವೆಯ ಸಂತೆಯಲ್ಲಿ ಹೀಗೆ ಓಡುವಂತಿರಲಿಲ್ಲ. ಹಿಂದಿನ ಚಕ್ರದ ಪೈಪು ಸೀಳಿ ಬ್ರೇಕ್ ಆಯಿಲ್ ಎಲ್ಲ ಮಣ್ಣು ಕುಡಿದಿತ್ತು. ಗಾಡಿಯ ತುಂಬ ಮಾವಿನಹಣ್ಣು, ನೆತ್ತಿ ಸುಡುವ ಬಿಸಿಲು, ಸುತ್ತ ಹತ್ತು ಮೈಲಿಯಲ್ಲಿ ಒಂದು ಅಂಗಡಿಯಿಲ್ಲ. ಮರಳು ಲಾರಿಯ ಡ್ರೈವರೊಬ್ಬ ಇಳಿದು ಬಂದು ಪೈಪನ್ನು ರಬ್ಬರಿನಿಂದ ಬಿಗಿದ. 'ಬಟ್ಟೆ ಸೋಪು ಇದೆಯಾ?' ಎಂದು ಕೇಳಿದ. ಅವ್ವನಿಗೆಂದು ಕೊಂಡಿದ್ದ ನೀಲಿ ಸೋಪಿನ ಉದ್ದ ತುಂಡು ಇತ್ತು. ಅದರಲ್ಲಿ ಅರ್ಧವನ್ನು ಡಬ್ಬಿಯ ನೀರಿನಲ್ಲಿ ಕದಡಿ, ಬಾನೆಟ್ಟಿನ ಕೆಳಗಿನ ಸಣ್ಣ ಪಾತ್ರೆಗೆ ಸುರಿದು, ಪೆಡಲು ತುಳಿಸಿ ತುಳಿಸಿ ನಾಲ್ಕೂ ಚಕ್ರಕ್ಕೆ ಇಳಿಸಿದ. ಕಣಿವೆಯಲ್ಲಿ ಇದು ಹೊಸದಲ್ಲ, ಎಲ್ಲರ ಅಜ್ಜಿಯೂ ಕೆಮ್ಮಿಗೆ ಕೊಡುವ ಬೇರಿನ ಹಾಗೆ ಎಲ್ಲ ಡ್ರೈವರಿಗೂ ಗೊತ್ತಿರುವ ಮದ್ದು. 'ಹತ್ತೋಕೆ ಮಾತ್ರ ಇದು' ಎಂದಿದ್ದ ಆ ಮನುಷ್ಯ, ಕೈಯ ನೊರೆಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. 'ಮನೆ ಮುಟ್ಟಿದ ಕೂಡ್ಲೇ ಎಲ್ಲ ಇಳಿಸಿಬಿಡು. ಇಳಿಜಾರಲ್ಲಿ ಬಿಸಿಯಾದ್ರೆ ನೀರು ಕುದಿದು ಆವಿಯಾಗ್ತದೆ, ಪೆಡಲು ನೆಲಕ್ಕೆ ಹೋಗ್ತದೆ. ತಣ್ಣಗಾದ ಮೇಲೆ ಮತ್ತೆ ಕಲ್ಲಿನ ಹಾಗೆ ಗಟ್ಟಿ. ಆ ಕಲ್ಲನ್ನ ಮಾತ್ರ ನಂಬಬೇಡ.' ಚೆಬೊಯಿ ಪೇಟೆಗೆ ಬಂದು ಪೈಪು ಹೊಸದು ಹಾಕಿಸಿದ. ನೀರು ಇಳಿಸುವುದನ್ನು ಶನಿವಾರಕ್ಕೆ ಇಟ್ಟುಕೊಂಡ. ಶನಿವಾರ ಹಾಲಿನ ಕೇಂದ್ರದ ಸಭೆ, ಮುಂದಿನ ಶನಿವಾರ ಯಾರದೋ ಮದುವೆ. ಪೇಟೆಯೊಳಗೆ ಪೆಡಲು ಕಲ್ಲಿನ ಹಾಗೇ ಇತ್ತು. ಡಿಸೆಂಬರಿನಲ್ಲಿ ಲಗತ್ ಅವ್ವನನ್ನು ಕೂರಿಸಿಕೊಂಡು ಸೋದರಮಾವ ಕಿಮೊಸೊಪ್‌ನ ಮನೆಗೆಂದು ಘಾಟಿ ಇಳಿದ. ಇಳಿಯುವಾಗ ಚೆಬೊಯಿ ಕಟ್ಟೆಯ ಮೇಲೆ ನಿಂತು ಹಾಲು ಅಳೆಯುತ್ತಿದ್ದ. ಗಾಡಿ ಎದುರಿಗೇ ಹೋಯಿತು. ಕೈ ಬೀಸಿದ.

ಮನೆಯ ಅಂಗಳದಲ್ಲಿ ಗಾಡಿ ಐದು ತಿಂಗಳಿನಿಂದ ಟಾರ್ಪಾಲಿನ ಕೆಳಗೆ ನಿಂತಿತ್ತು, ಎಡಗಡೆಯ ಮೂತಿ ಜಜ್ಜಿಕೊಂಡು. ಹೊದಿಕೆ ಎಳೆದಾಗ ಕೋಳಿಗಳು ಬೈದುಕೊಂಡು ಹೊರಬಂದವು. ಚೆಬೊಯಿ ಹಿಂದಿನ ಎಡಚಕ್ರ ಬಿಚ್ಚಿಟ್ಟ. ಬಾನೆಟ್ಟಿನ ಕೆಳಗಿನ ಪಾತ್ರೆಯಲ್ಲಿದ್ದ ಕೊಳಕನ್ನು ಹೀರಿ ತೆಗೆದು ಹೊಸದನ್ನು ತುಂಬಿದ. ಹೊಸದು ಜೇನಿನ ಬಣ್ಣಕ್ಕೆ ಹೊಳೆಯಿತು. ಆ ಹೊಳಪು ನೋಡಿ ಒಂದು ಗಳಿಗೆ ಎಲ್ಲ ಮುಗಿಯಿತು, ತೊಳೆದುಹೋಯಿತು ಅನ್ನಿಸಿತು. ಆದರೆ ಪೈಪುಗಳ ಒಳಗಿನದನ್ನು ಇಳಿಸಲು ಇನ್ನೊಬ್ಬರು ಬೇಕು. ಒಬ್ಬ ಸೀಟಿನಲ್ಲಿ ಕೂತು ಪೆಡಲು ತುಳಿದು ಹಿಡಿಯಬೇಕು, ಇನ್ನೊಬ್ಬ ಚಕ್ರದ ಹಿಂದಿನ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಬಿಚ್ಚಿ ಹಳೆಯದನ್ನು ಹೊರಬಿಟ್ಟು ಮುಚ್ಚಬೇಕು. ಮುಚ್ಚುವ ಮೊದಲೇ ಮೇಲಿನವನು ಕಾಲೆತ್ತಿದರೆ ಗಾಳಿ ಒಳಗೆ ಹೋಗಿ ಎಲ್ಲ ಹಾಳು. ಹೆಂಡತಿ ಜೆಮುತಾಯ್‌ಳನ್ನು ಕರೆದ.

"ಕಿಬೆತ್ತನ ಅಪ್ಪ, ನನ್ನ ಕೈ ಸಗಣಿಯಾಗಿದೆ" ಎಂದಳು ಅವಳು ಒಳಗಿನಿಂದ.

"ಕಾಲು ಸಾಕು."

"ಕಾಲೂ ಸಗಣಿಯಾಗಿದೆ. ಮದುಮಗ ಸುಮ್ಮನೆ ಕೂತಿದ್ದಾನಲ್ಲ ಅಲ್ಲಿ, ಅವನನ್ನ ಕರೀರಿ. ಅವನ ಮದುವೆ, ಅವನ ಕಾಲು."

ಲಗತ್ ಬೇಲಿಯ ಹತ್ತಿರ ನಾಳೆಯ ಷೂ ಕಾಲಿಗೆ ಹಾಕಿಕೊಂಡೇ ಕಪ್ಪು ಬಳಿಯುತ್ತ ಕೂತಿದ್ದ. ಬಂದು ಗಾಡಿಯಿಂದ ನಾಲ್ಕು ಹೆಜ್ಜೆ ದೂರ ನಿಂತ. "ನಾನು ಆ ಸೀಟಲ್ಲಿ ಕೂರೋದಿಲ್ಲ ಅಂತ ಹಿರಿಯರ ಮುಂದೆ ಟಗರು ಕಡಿದು ಮಾತು ಕೊಟ್ಟಿದ್ದೀನಿ ಅಣ್ಣ."

"ಓಡಿಸೋದಿಲ್ಲ ಅಂತ ಕೊಟ್ಟಿದ್ದು. ಇದಕ್ಕೆ ಒಂದು ಚಕ್ರವೇ ಇಲ್ಲ, ನೋಡು. ಚಕ್ರ ಇಲ್ಲದ ಗಾಡಿ ಕುರ್ಚಿ ಇದ್ದ ಹಾಗೆ. ಕೂತ್ಕೊ."

"ಹಿರಿಯರು ಬಂದ್ರೆ ನೀನೇ ಹೇಳು ಮತ್ತೆ, ಕುರ್ಚಿ ಅಂತ." ನಗಿಸಲೆಂದು ಹೇಳಿದ ಮಾತು. ಆದರೆ ಬಾಗಿಲು ತೆರೆದು ಕೂರುವಾಗ ಅವನು ಸ್ಟೀರಿಂಗನ್ನು ಮುಟ್ಟದಂತೆ ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡದ್ದನ್ನು ಚೆಬೊಯಿ ನೋಡಿದ. ನೋಡಿ, ಬೇಗ ಗಾಡಿಯ ಕೆಳಗೆ ತೂರಿಕೊಂಡ. ಜಗುಲಿಯಲ್ಲಿ ಅವ್ವ ಅವರೆಕಾಳು ಸುಲಿಯುತ್ತ ಕೂತಿದ್ದಳು. ಡಿಸೆಂಬರಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡ ಮಣಿಕಟ್ಟಿನಿಂದ ಕಾಳು ಬುಟ್ಟಿಗೆ ಬೀಳದೆ ಅರ್ಧ ಹೊರಗೆ ಬೀಳುತ್ತಿತ್ತು. ಕೋಳಿಗಳಿಗೆ ಅದು ಗೊತ್ತಾಗಿ ಅವಳ ಬಲಗಡೆಗೇ ಬಂದು ನಿಲ್ಲುತ್ತಿದ್ದವು.

"ತುಳಿ" ಎಂದ ಚೆಬೊಯಿ ಕೆಳಗಿನಿಂದ. "ಇನ್ನೊಂದ್ಸಲ. ಇನ್ನೊಂದ್ಸಲ. ಈಗ ಒತ್ತಿ ಹಿಡ್ಕೊ. ನಾನು ಹೇಳೋವರೆಗೂ ಬಿಡಬೇಡ."

"ಹಿಡಿದಿದ್ದೀನಿ. ಕಲ್ಲಿನ ಹಾಗಿದೆ."

ಕಲ್ಲಿನ ಹಾಗಿದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಲಗತ್ ರಕ್ತ ಮೆತ್ತಿದ ಅಂಗಿಯಲ್ಲಿ ನಿಂತು, ಪೆಡಲು ನೆಲಕ್ಕೆ ಹೋಯಿತು, ನಾನು ತುಳಿದೆ, ಏನೂ ಸಿಗಲಿಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದ. ಕಿಮೊಸೊಪ್ ಮಾವ ಅವನ ಬಾಯಿಯ ಹತ್ತಿರ ಮೂಗು ತಂದು, ವಾಸನೆ ಇರಲಿ ಬಿಡಲಿ, ಕುಡುಕನ ಕಾಲಿಗೆ ಪೆಡಲು ಎಲ್ಲಿ ಸಿಗುತ್ತೆ ಎಂದ. ಆಮೇಲೆ ಚೆಬೊಯಿಯ ಕಡೆ ತಿರುಗಿ, ಗಾಡಿ ಸರಿಯಿತ್ತೇನಪ್ಪಾ ಎಂದು ಕೇಳಿದ. ಸರಿಯಿತ್ತು ಎಂದ ಚೆಬೊಯಿ. ಒಂದೇ ಮಾತು. ಅದನ್ನೂ ಬೇಕಾದರೆ ಭಯದಲ್ಲಿ ಬಂದದ್ದು ಅನ್ನಬಹುದು. ಆದರೆ ಮಾರನೆಯ ದಿನ ಎಳೆದು ತಂದ ಗಾಡಿಯ ಸುತ್ತ ಹಿರಿಯರೆಲ್ಲ ನಿಂತಾಗ, ಯಾರೂ ಹೇಳದೆ, ತಾನಾಗಿಯೇ ಬಾಗಿಲು ತೆರೆದು ಕೂತು, ಎಲ್ಲರಿಗೂ ಕಾಣುವಂತೆ ಕಾಲೆತ್ತಿ ತುಳಿದಿದ್ದ. ತಣ್ಣಗಾದ ಪೆಡಲು ಅಲ್ಲಾಡಲಿಲ್ಲ. ನೋಡಿ, ಕಲ್ಲು, ಎಂದಿದ್ದ. ಮರಳು ಲಾರಿಯವನು ಹೇಳಿದ ಮಾತು ಆಗ ಮರೆತಿರಲಿಲ್ಲ. ಮರೆತಿರಲಿಲ್ಲ ಎಂಬುದನ್ನೇ ಐದು ತಿಂಗಳು ಮರೆಯಲು ನೋಡಿದ್ದ. ಹಿರಿಯರು ತಲೆಯಾಡಿಸಿದರು. ಲಗತ್ ಮಾತ್ರ ಅಣ್ಣನ ಮುಖ ನೋಡಲಿಲ್ಲ, ಅವನ ಕಾಲನ್ನೇ ನೋಡುತ್ತಿದ್ದ.

ಸ್ಪ್ಯಾನರ್ ತಿರುಗಿಸಿದ. ನಿಪ್ಪಲ್ ಸಡಿಲವಾಯಿತು. ಮೇಲೆ ಪೆಡಲು ಒಂದೇ ಸಲಕ್ಕೆ ನೆಲಕ್ಕೆ ಇಳಿಯಿತು, ಅದರ ಜೊತೆ ಲಗತ್‌ನ ಉಸಿರೂ. ಗಾಡಿ ಕುಲುಕಿತು. ಅವನ ಎರಡು ಕೈಯೂ ಸ್ಟೀರಿಂಗಿಗೆ ಬಡಿದ ಸದ್ದು ಕೇಳಿಸಿತು.

"ಅಣ್ಣಾ."

"ಕಾಲೆತ್ತಬೇಡ."

"ಎತ್ತಿಲ್ಲ. ಹೀಗೇ ಆಗಿದ್ದು ಅವತ್ತು. ಹೀಗೇ ಹೋಯ್ತು."

"ನಿಪ್ಪಲ್ ಬಿಚ್ಚಿದಾಗ ಹೋಗ್ತದೆ. ಅದು ಸಹಜ" ಎಂದ ಚೆಬೊಯಿ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಕಣ್ಣೆದುರಿಗೆ ಕೊಳವೆಯಲ್ಲಿ ಹಳೆಯದು ಇಳಿದು ಬರುತ್ತಿತ್ತು. ಹಾಲಿನ ಕ್ಯಾನು ತೊಳೆದ ನೀರಿನ ಹಾಗೆ ಬೆಳ್ಳಗೆ, ಅಂಚಿನಲ್ಲಿ ತುಕ್ಕು, ಕೆಳಗಿಟ್ಟ ಖಾಲಿ ಬಾಟಲಿಯ ತಳ ಮುಟ್ಟಿದ ಕೂಡಲೇ ಗುಳ್ಳೆ. ವಾಸನೆ ಎದ್ದಿತು. ಭಾನುವಾರಕ್ಕೆಂದು ಒಗೆದ ಬಟ್ಟೆಗಳ ವಾಸನೆ. ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಬಿದ್ದ ಅವನಿಗೆ ಅದು ಮುಖದ ಮೇಲೇ ಕೂತ ಹಾಗಾಯಿತು. ಬಾಟಲಿಯನ್ನು ಚರಂಡಿಗೆ ಚೆಲ್ಲಿದರೆ ಆಯಿತು. ನಾಲ್ಕು ಚಕ್ರ, ನಾಲ್ಕು ಸಲ. ಇನ್ನೊಂದು ಗಂಟೆಯಲ್ಲಿ ಈ ಭೂಮಿಯ ಮೇಲೆ ಇದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಮೇಲಿನಿಂದ ಲಗತ್‌ನ ದನಿ ಬಂತು, ಮೆಲ್ಲಗೆ, ಗಾಜಿಗೆ ಹೇಳಿಕೊಳ್ಳುವವನ ಹಾಗೆ. "ನಂಗೆ ಈಗೀಗ ನನ್ನ ಮೇಲೇ ಅನುಮಾನ ಬರ್ತದೆ ಅಣ್ಣ. ಅಷ್ಟು ಜನ ಹೇಳ್ತಾರೆ ಅಂದ್ರೆ ನಾನು ಕುಡಿದೇ ಇದ್ದೆನೇನೋ, ಕುಡಿದು ಮರೆತೆನೇನೋ ಅಂತ. ರಾತ್ರಿ ಕಾಲು ಜಗ್ಗಿ ಎಚ್ಚರ ಆಗ್ತದೆ. ಕಾಲು ಹೇಳ್ತದೆ ತುಳಿದೆ ಅಂತ. ತಲೆ ಹೇಳ್ತದೆ ನೀನು ಸುಳ್ಳ ಅಂತ. ಒಬ್ಬನ ಕಾಲು ಅವನಿಗೇ ಸುಳ್ಳು ಹೇಳ್ತದಾ? ನಾಳೆ ನೀನು ಅಲ್ಲಿ, ಕುಡಿದಿದ್ದ, ಈಗ ಬಿಟ್ಟಿದ್ದಾನೆ ಅಂತಲೇ ಹೇಳು. ನಾನೂ ಹೌದು ಅಂತೀನಿ. ಹುಡುಗಿ ಬಂದ್ರೆ ಸಾಕು."

ಚೆಬೊಯಿ ತಯಾರು ಮಾಡಿದ್ದ ವಾಕ್ಯ ಅದೇ. ತಮ್ಮನೇ ಎತ್ತಿ ಕೈಗೆ ಕೊಟ್ಟಿದ್ದ. ತೆಗೆದುಕೊಂಡರೆ ಆಯಿತು, ಯಾರಿಗೂ ನಷ್ಟವಿಲ್ಲ, ಎಲ್ಲರಿಗೂ ಊಟವಿದೆ. ಚೆಬೊಯಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ, ಹಲ್ಲು ಕಡಿಯುವ ಸಿಟ್ಟು. ಇವನೇಕೆ ಬೈಯುವುದಿಲ್ಲ, ಇವನೇಕೆ ಒದೆಯುವುದಿಲ್ಲ, ಆ ಮುದುಕಿಯ ಹಾಗೆ ತಲೆವಸ್ತ್ರ ಎಳೆದುಕೊಂಡು ನಿಂತಿದ್ದಾನಲ್ಲ.

"ಲಗತ್, ಕಾಲೆತ್ತಬೇಡ. ಏನೇ ಕೇಳಿದ್ರೂ ಎತ್ತಬೇಡ."

"ಹೂಂ."

"ನೀನು ತುಳಿದಿದ್ದೆ. ಅದರಲ್ಲಿ ಸೋಪಿನ ನೀರಿತ್ತು. ನಾನು ಹಾಕಿಸಿದ್ದು, ಮಾವಿನಹಣ್ಣು ತರೋಕೆ ಹೋದಾಗ. ಇಳಿಸಬೇಕಿತ್ತು, ಇಳಿಸಲಿಲ್ಲ."

ರಸ್ತೆಯಲ್ಲಿ ಅಭ್ಯಾಸಕ್ಕೆ ಹೊರಟ ಓಟಗಾರರ ಗುಂಪೊಂದು ಹೋಯಿತು. ಒದ್ದೆ ಮಣ್ಣಿನ ಮೇಲೆ ಹತ್ತಾರು ಕಾಲುಗಳ ಸದ್ದು ಹತ್ತಿರ ಬಂದು ದೂರವಾಯಿತು. ಕೊಳವೆಯಿಂದ ಕೊನೆಯ ತೊಟ್ಟು ಬಿತ್ತು. ಚೆಬೊಯಿ ತುಕ್ಕು ಹಿಡಿದ ಲೋಹವನ್ನು ನೋಡುತ್ತ ಕಾದ. ಈಗ ಎತ್ತುತ್ತಾನೆ, ಗಾಳಿ ಹೋಗುತ್ತದೆ, ಹೋಗಲಿ ಎಂದುಕೊಂಡ. ಲಗತ್ ಎತ್ತಲಿಲ್ಲ.

"ಮುಚ್ಚಿದೆಯಾ?" ಎಂದ.

ಚೆಬೊಯಿ ತಿರುಗಿಸಿ ಬಿಗಿದ. "ಮುಚ್ಚಿದೆ."

ಬಾಗಿಲು ತೆರೆಯಿತು. ಅರ್ಧ ಕಪ್ಪು ಬಳಿದ ಷೂಗಳು ಗಾಡಿಯನ್ನು ಸುತ್ತಿ ಬಂದು ಅವನ ತಲೆಯ ಹತ್ತಿರ ನಿಂತವು. ಒಂದು ಕೈ ಕೆಳಗೆ ಬಂದು ಬಾಟಲಿ ಎತ್ತಿಕೊಂಡಿತು.

"ಆಸ್ಪತ್ರೇಲಿ ಗೊತ್ತಿತ್ತಾ?"

"ಗೊತ್ತಿತ್ತು."

"ಇಲ್ಲಿ ಎಲ್ಲರ ಮುಂದೆ ತುಳಿದಾಗ?"

"ಆಗಲೂ ಗೊತ್ತಿತ್ತು."

ಷೂಗಳು ಅಲ್ಲೇ ಇದ್ದವು. ಒಂದರ ಲಾಡಿ ಬಿಚ್ಚಿತ್ತು. ಒದೆ ಬೀಳುವುದಾದರೆ ಆ ಕಾಲಿನಿಂದ ಬೀಳುತ್ತದೆ ಎಂದು ಚೆಬೊಯಿ ಲೆಕ್ಕ ಹಾಕಿ ಮುಖ ಬಿಗಿಹಿಡಿದ. ಷೂಗಳು ತಿರುಗಿ ಜಗುಲಿಯ ಕಡೆ ನಡೆದವು. ಅವನು ತೆವಳಿ ಹೊರಬಂದಾಗ ಅವ್ವ ಬಾಟಲಿಯನ್ನು ಸೊಟ್ಟ ಕೈಯಲ್ಲಿ ಹಿಡಿದು ಮೂಸುತ್ತಿದ್ದಳು. ದೊಡ್ಡ ಮಗನನ್ನು ಒಮ್ಮೆ ನೋಡಿದಳು, ಮತ್ತೆ ಮೂಸಿದಳು.

"ನನ್ನ ಬಟ್ಟೆ ಸೋಪು ಇದು. ಅರ್ಧ ತುಂಡು ಕೊಟ್ಟು ಉಳಿದದ್ದು ಸಂತೇಲಿ ಬಿದ್ದುಹೋಯ್ತು ಅಂದಿದ್ದೆ ನೀನು."

ಚೆಬೊಯಿಯ ಬೆನ್ನಿಗೆ ಕೆಸರು ಅಂಟಿಕೊಂಡಿತ್ತು.

"ಇವನ ಬಾಯಿ ವಾಸನೆ ಬರಲಿಲ್ಲ ಅಂತ ನಾನು ಆಸ್ಪತ್ರೇಲಿ ಮಲಗಿಕೊಂಡೇ ಹೇಳಿದ್ದೆ. ಪಕ್ಕದಲ್ಲಿ ಕೂತಿದ್ದವಳು ನಾನು. ಹೆಂಗಸಿನ ಮೂಗನ್ನ ಯಾರು ಕೇಳ್ತಾರೆ? ತಾಯಿ ಅಲ್ವಾ, ಮುಚ್ಚಿ ಹಾಕ್ತಾಳೆ ಅಂದ್ರು. ನೀನೂ ಅಲ್ಲೇ ನಿಂತಿದ್ದೆ." ಅವಳ ದನಿ ಏರಲಿಲ್ಲ. ಬುಟ್ಟಿಯ ಪಕ್ಕದಲ್ಲಿದ್ದ ಜೋಳದ ದಂಟನ್ನು ಮುರಿದು, ಮುರ್ಸಿಕ್ ಬುರುಡೆಗೆ ಬಿರಡೆ ಹಾಕುವ ಹಾಗೆಯೇ ಬಾಟಲಿಯ ಬಾಯಿಗೆ ತುರುಕಿ ಲಗತ್‌ಗೆ ಕೊಟ್ಟಳು. "ನಾಳೆ ಬುರುಡೆಗಳ ಜೊತೆ ಇದೂ ಬರಲಿ. ಆ ಮನೆ ಅಂಗಳದಲ್ಲಿ ನಿನ್ನ ಅಣ್ಣ ತನ್ನ ಕೈಯಲ್ಲೇ ಬಿರಡೆ ತೆಗೀಲಿ. ನನ್ನ ತಮ್ಮ ಕಿಮೊಸೊಪ್ ಮೂಸಲಿ. ಅವನಿಗೆ ಎಲ್ಲರ ಬಾಯಿ ಮೂಸೋ ಚಟ."

"ತೆಗೀತೀನಿ" ಎಂದ ಚೆಬೊಯಿ. ಯಾರೂ ಅವನ ಕಡೆ ನೋಡಲಿಲ್ಲ. ಮತ್ತೊಮ್ಮೆ ಹೇಳಬೇಕೇ ಬೇಡವೇ ತಿಳಿಯಲಿಲ್ಲ. ನಾಳೆ ಆ ಅಂಗಳದಿಂದ ಸುದ್ದಿ ಘಾಟಿ ಹತ್ತಿ ಅವನಿಗಿಂತ ಮೊದಲೇ ಹಾಲಿನ ಕೇಂದ್ರ ಮುಟ್ಟುತ್ತದೆ. ನಾಡಿದ್ದು ಕಟ್ಟೆಯ ಮೇಲೆ ನಿಂತಾಗ ಸಾಲಿನಲ್ಲಿ ಮೊದಲು ನಗುವವಳು ಆ ಮುದುಕಿಯೇ. ಅವಳ ಮುಖ ಕಣ್ಣೆದುರು ಬಂತು, ಹಲ್ಲಿಲ್ಲದ ಬಾಯಿ ತೆರೆದುಕೊಂಡು.

ಲಗತ್ ಷೂಗಳನ್ನು ಕಳಚಿ ಜಗುಲಿಯ ಮೇಲೆ ಜೋಡಿಸಿಟ್ಟ. ಅಂಗಿ ತೆಗೆದು ಬೇಲಿಗೆ ಹಾಕಿದ. "ಇನ್ನೂ ಮೂರು ಚಕ್ರ ಇದೆ" ಎಂದ. "ನಾನು ಕೆಳಗೆ ಹೋಗ್ತೀನಿ. ಏನು ಬರ್ತದೆ ಅಂತ ನಾನೇ ನೋಡಬೇಕು. ನೀನು ಹೋಗಿ ಕೂತ್ಕೊ."

ಚೆಬೊಯಿ ಕೂತ. ಸೀಟು ಇನ್ನೂ ತಮ್ಮನ ಮೈಯ ಬಿಸಿಯಲ್ಲಿತ್ತು. ಕನ್ನಡಿಯಲ್ಲಿ ಹಿಂದೆ ಯಾರೂ ಕಾಣಲಿಲ್ಲ. ಸ್ಪ್ಯಾನರ್ ಲೋಹಕ್ಕೆ ತಾಗಿದ ಸದ್ದು ಮಾತ್ರ ಕೇಳಿತು. ತುಳಿ ಎಂದಿತು ದನಿ, ತುಳಿದ. ಇನ್ನೆರಡು ಸಲ. ಅಡಿಗಾಲಿಗೆ ಗಟ್ಟಿ ಕಲ್ಲು ಸಿಕ್ಕಿತು, ಅವತ್ತು ಹಿರಿಯರಿಗೆ ತೋರಿಸಿದ ಅದೇ ಕಲ್ಲು. ಆಮೇಲೆ ಏನೂ ಹೇಳದೆ ಕೆಳಗಿನವನು ಬಿಚ್ಚಿದ. ಕಲ್ಲು ಹೋಯಿತು. ಕಾಲು ಹೋಗುತ್ತಲೇ ಇತ್ತು, ತಡೆಯುವುದು ಏನೂ ಇರಲಿಲ್ಲ. ಮುಂಗಾಜಿನಲ್ಲಿ ಅಂಗಳ, ಬೇಲಿ, ಬೇಲಿಯಾಚೆ ನೆಲ ಮುಗಿದು ಕಣಿವೆಯ ಬರೀ ಗಾಳಿ. ಅವನ ಎರಡು ಕೈಯೂ ತಾವಾಗಿಯೇ ಸ್ಟೀರಿಂಗನ್ನು ಹಿಡಿದವು. ಪೆಡಲು ನೆಲ ಮುಟ್ಟಿತು.

"ಹಿಡ್ಕೊ" ಎಂದ ಲಗತ್ ಕೆಳಗಿನಿಂದ. "ನಾನು ಹೇಳೋವರೆಗೂ ಬಿಡಬೇಡ."

ಚೆಬೊಯಿ ಹಿಡಿದ. ಮೊಣಕಾಲು ನಡುಗತೊಡಗಿತು, ಆಮೇಲೆ ತೊಡೆ. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲಿಲ್ಲ. ಕೊಳವೆಯಲ್ಲಿದ್ದದ್ದು ಖಾಲಿಯಾಗುವಷ್ಟು ಹೊತ್ತು ಆಯಿತು, ಅದರ ಎರಡರಷ್ಟಾಯಿತು. ಜಗುಲಿಯಲ್ಲಿ ಅವ್ವ ಕಾಳು ಸುಲಿಯುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು. ಕೆಳಗಿನಿಂದ ಇನ್ನೂ ಮಾತು ಬಂದಿರಲಿಲ್ಲ.